ಮಾನೆ ಬರೆದ ಮನೆ ಮತ್ತು ನಮ್ಮ ಅಜ್ಜಿಮನೆ ಪೋಸ್ಟುಗಳು

ಮೊದಲೇ ಹೇಳಿಬಿಡ್ತೀನಿ. ಇದನ್ನ ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ ಬಿಡಿ. ಬೈಸಿಕೊಳ್ಳೋರ ಕ್ಯೂನಲ್ಲಿ ಮೊದಲನೇ ನಂಬರ್ ನಂದೇ.

ಮೂರು ವಾರದ ಹಿಂದೆ ಇದೇ ಜಾಗದಲ್ಲಿ "ಹಿತ್ತಲ ಸಂಪಿಗೆ" ಅಂತ ಒಂದು ಪೋಸ್ಟ್ ಹಾಕಿದ್ದೆ, ನೆನಪಿರಬಹುದು. ನಂಜನಗೂಡಿನ ನಮ್ಮ ಅಜ್ಜಿ ಮನೆ, ತೊಟ್ಟಿ, ಬಾವಿ, ಬೆಳಗಿನ ಜಾವ ಹಿತ್ತಲ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯೋ ಸಂಪಿಗೆ ವಾಸನೆ, ದೂರದಲ್ಲಿ ಶ್ರೀಕಂಠೇಶ್ವರನ ಗುಡಿ ಗಂಟೆ... ಇತ್ಯಾದಿ ಇತ್ಯಾದಿ. ಕೊನೆಯಲ್ಲಿ "ಈ ಮನೆಯನ್ನು ಮಾರುವ ಮಾತು ನಡೆಯುತ್ತಿದೆ, ನನ್ನ ಬಾಲ್ಯವನ್ನೇ ರಿಜಿಸ್ಟರ್ ಆಫೀಸಿನಲ್ಲಿ ಬರೆದುಕೊಡುತ್ತಿದ್ದೇವೆ" ಅಂತ ಒಂದು ಸಾಲು. ಪೋಸ್ಟಿನ ತಲೆ ಮೇಲೆ ಒಂದು ಚೆಂದದ ಪೇಂಟಿಂಗ್ ಬೇರೆ. ಮನೆ, ಮನೆ ಮುಂದೆ ಮರ, ಹಸಿರು ಹುಲ್ಲು, ಕೆಂಪು ಹೂವು. "ಕಂಟ್ರಿ ಹೌಸ್ ಗಾರ್ಡನ್ ಇಂಪ್ರೆಷನಿಸ್ಟ್" ಅಂತ ಗೂಗಲ್ ಮಾಡಿದಾಗ ಸಿಕ್ಕಿದ್ದು. ಯಾರು ಬರೆದಿದ್ದು, ಯಾವಾಗ ಬರೆದಿದ್ದು ಅಂತ ನೋಡೋ ತಾಳ್ಮೆ ಆವತ್ತು ನನಗೂ ಇರಲಿಲ್ಲ.

ನೀವೆಲ್ಲ ಬಂದು ಕಮೆಂಟ್ ಮಾಡಿದ್ರಿ. "ಕಣ್ಣು ತೇವವಾಯ್ತು". "ನಮ್ಮಜ್ಜಿ ಮನೆಗೇ ಹೋಗಿ ಬಂದ ಹಾಗಾಯ್ತು". "ದಯವಿಟ್ಟು ಮಾರಬೇಡಿ". ನಾನು ಒಂದೊಂದಕ್ಕೂ ಧನ್ಯವಾದ ಹೇಳಿಕೊಂಡು ಎರಡು ದಿನ ಸಖತ್ ಖುಷಿಯಲ್ಲಿದ್ದೆ.

ಮೂರನೇ ದಿನ ಅತ್ತೆ ಫೋನ್ ಮಾಡಿದ್ರು. ಅತ್ತೆ ಅಂದ್ರೆ ಅಪ್ಪನ ಅಕ್ಕ. ಈಗ ಆ ಮನೆಯಲ್ಲಿ ಇರೋದು ಅವರೊಬ್ಬರೇ. ಅಜ್ಜಿ ಹಾಸಿಗೆ ಹಿಡಿದಾಗ ನೋಡಿಕೊಂಡೋರೂ ಅವರೇ. ಅವರ ಮೊಮ್ಮಗಳು ನನ್ನ ಪೋಸ್ಟನ್ನ ಜೋರಾಗಿ ಓದಿ ಹೇಳಿದ್ದಳಂತೆ.

"ಚೆನ್ನಾಗ್ ಬರ್ದಿದೀಯ ಮಗಾ" ಅಂದ್ರು. "ಆದ್ರೆ ಸಂಪಿಗೆ ಮರ ಕಡ್ಸಿ ಏಳು ವರ್ಷ ಆಯ್ತಲ್ಲ ಕಣ. ಅದ್ರ ಬೇರು ಬಚ್ಚಲ ಗೋಡೆ ಸೀಳ್ತಿತ್ತು, ನಿಮ್ಮಪ್ಪಂಗೆ ಹೇಳೇ ಕಡ್ಸಿದ್ದು. ನೀನು ಯಾವ ಹೂವಿನ ವಾಸ್ನೆ ಬಗ್ಗೆ ಬರ್ದೆ?"

ನನಗೆ ಮಾತೇ ಹೊರಡಲಿಲ್ಲ. ಏಳು ವರ್ಷದಲ್ಲಿ ಆ ಮನೆಗೆ ಹೋಗೇ ಇಲ್ಲ ಅಂತಲ್ಲ. ದೊಡ್ಡ ಜಾತ್ರೆಗೆ ಹೋಗಿದ್ದೆ, ಗೃಹಪ್ರವೇಶದ ಪತ್ರಿಕೆ ಕೊಡೋಕೆ ಹೋಗಿದ್ದೆ, ಅಜ್ಜಿ ತಿಥಿಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಕಾಫಿ ಕುಡಿದು, ಒಂದು ಸೆಲ್ಫಿ ತೆಗೆದು ವಾಪಸ್. ಹಿತ್ತಲ ಬಾಗಿಲು ದಾಟಿರಲಿಲ್ಲ ಅಷ್ಟೇ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ನಾನು ನೋಡ್ತಿದ್ದಿದ್ದು ಕ್ಯಾಶ್ ಆಗಿದ್ದ ಪೇಜು. ಸರ್ವರ್‌ನಲ್ಲಿ ಆ ಮರ ಡಿಲೀಟ್ ಆಗಿ ಏಳು ವರ್ಷ ಆಗಿತ್ತು. ರಿಫ್ರೆಶ್ ಒತ್ತೋಕೆ ನನಗೆ ಮನಸ್ಸೇ ಬಂದಿರಲಿಲ್ಲ.

ಇಷ್ಟೇ ಆಗಿದ್ರೆ ಸುಮ್ಮನೆ ನಾಚಿಕೊಂಡು ಮುಚ್ಚಿಕೊಂಡಿರ್ತಿದ್ದೆ. ಅದೇ ವಾರ ಇನ್ನೊಂದು ಆಯ್ತು. ಆಫೀಸಿನ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ಬ್ರೋಷರ್ ಕಳಿಸಿದ. ಟಿ. ನರಸೀಪುರದ ಕಡೆ ಯಾವುದೋ ಫಾರ್ಮ್ ಪ್ಲಾಟ್ ಲೇಔಟ್. "ನಿಮ್ಮ ಅಜ್ಜಿ ಮನೆಯ ನೆನಪುಗಳಿಗೆ ಮರಳಿ ಬನ್ನಿ" ಅಂತ ಹೆಡ್ಡಿಂಗು. ಕಾಲು ಎಕರೆ ಜಾಗ, ಹೆಂಚಿನ ಮನೆ, ಹೂದೋಟ, ವಾರಾಂತ್ಯಕ್ಕೆ ಬಂದು ಹೋಗಬಹುದು, ತೋಟ ನೋಡಿಕೊಳ್ಳೋಕೆ ಕಂಪನಿಯದ್ದೇ ಆಳು. ಮೇಲೆ ಒಂದು ಚಿತ್ರ. ಯಾವುದು ಹೇಳಿ? ಅದೇ! ನನ್ನ ಪೋಸ್ಟಿನ ತಲೆ ಮೇಲಿದ್ದ ಅದೇ ಪೇಂಟಿಂಗ್! ಬ್ರೋಷರ್ ಮಾಡಿದ ಹುಡುಗ ಕೂಡ ನನ್ನ ಹಾಗೇ ಗೂಗಲ್ ಮಾಡಿರಬೇಕು, ಪಾಪ.

ಆ ಕ್ಷಣ ನನಗೆ ಅನ್ನಿಸಿದ್ದು ಇದು: ಸೈಟು ಮಾರೋನಿಗೂ ನನಗೂ ಒಂದೇ ಚಿತ್ರ ಬೇಕಾಯ್ತು ಅಂದ್ರೆ ನಾವಿಬ್ರೂ ಒಂದೇ ವ್ಯಾಪಾರ ಮಾಡ್ತಿದೀವಿ.

ಆಮೇಲೆ ಕೂತು ಆ ಚಿತ್ರದ ಬಗ್ಗೆ ಓದಿದೆ. ನೀವೂ ಸ್ವಲ್ಪ ಕೇಳಿ.

ಬರೆದೋನು ಎದುವಾರ್ ಮಾನೆ. ಫ್ರೆಂಚರು ಹೇಳೋದನ್ನ ಕೇಳಿದ್ರೆ ನಮ್ಮ "ಮನೆ"ಗೂ ಅದಕ್ಕೂ ಅಂಥಾ ವ್ಯತ್ಯಾಸ ಇಲ್ಲ :-) (ನೈದಿಲೆ ಕೊಳದ ಮೋನೆ ಬೇರೆ, ಈ ಮಾನೆ ಬೇರೆ. ನಾನೂ ಎಷ್ಟೋ ವರ್ಷ ಇಬ್ರೂ ಒಬ್ರೇ ಅಂದ್ಕೊಂಡಿದ್ದೆ.) ಚಿತ್ರದ ಹೆಸರು "ರುಯೆಯ್‌ನ ಮನೆ". 1882ರ ಬೇಸಿಗೆಯಲ್ಲಿ ಬರೆದದ್ದು. ಒಂದೇ ಮನೆಯನ್ನ ಎರಡು ಸಲ ಬರೆದಿದ್ದಾನೆ. ಅಡ್ಡ ಇರೋದು ಬರ್ಲಿನ್‌ನಲ್ಲಿದೆ, ಉದ್ದ ಇರೋದು ಮೆಲ್ಬರ್ನ್‌ನಲ್ಲಿ.

ರುಯೆಯ್ ಅನ್ನೋದು ಪ್ಯಾರಿಸ್ಸಿನ ಪಶ್ಚಿಮಕ್ಕಿರೋ ಊರು. ಆ ಮನೆ ಮಾನೆಯ ಅಜ್ಜಿಯದ್ದಲ್ಲ, ಅಪ್ಪನದ್ದಲ್ಲ. ಅವನದ್ದೇ ಅಲ್ಲ. ಬೇಸಿಗೆಗೆ ಅಂತ ತಗೊಂಡ ಬಾಡಿಗೆ ಮನೆ. ಯಾಕೆ ತಗೊಂಡ? ಕಾಯಿಲೆ ಬಿದ್ದಿದ್ದ. ಕಾಲು ಸ್ವಾಧೀನ ತಪ್ಪಿತ್ತು, ನಡೆದ್ರೆ ನೋವು. ಡಾಕ್ಟರು ಊರಾಚೆ ಗಾಳಿಗೆ ಹೋಗು ಅಂದಿದ್ರು. 1880ರಲ್ಲಿ ಬೆಲ್ವ್ಯೂ, 1881ರಲ್ಲಿ ವರ್ಸೇಲ್ಸ್, 1882ರಲ್ಲಿ ಈ ರುಯೆಯ್. ಪ್ಯಾರಿಸ್ಸಿನ ಕೆಫೆ, ಬಾರು, ರೇಸು, ಜನಜಂಗುಳಿ ಇವನ್ನೇ ಜೀವನವಿಡೀ ಬರೆದ ಅಪ್ಪಟ ಪೇಟೆ ಮನುಷ್ಯ. ಅದೇ ವರ್ಷದ ಸಲೋನ್‌ನಲ್ಲಿ ಅವನು ತೋರಿಸಿದ್ದ ಚಿತ್ರ ಯಾವುದು ಗೊತ್ತಾ? ಫೋಲಿ ಬೆರ್ಜೇರ್ ಅನ್ನೋ ಗದ್ದಲದ ಜಾಗದಲ್ಲಿ ಬಾರ್ ಹಿಂದೆ ನಿಂತ ಕೆಲಸದ ಹುಡುಗಿ. ಅಂಥೋನು ಈಗ ತೋಟ ಬಿಟ್ಟು ದೂರ ನಡೆಯೋಕೆ ಆಗದೆ, ಎದುರಿಗೆ ಏನು ಕಾಣ್ತೋ ಅದನ್ನ ಬರೆದ. ಮರುವರ್ಷ ಏಪ್ರಿಲ್‌ನಲ್ಲಿ ಎಡಗಾಲಿನ ಪಾದ ಕತ್ತರಿಸಿದ್ರು. ಹತ್ತು ಹನ್ನೊಂದು ದಿನ ಬದುಕಿದ್ದ. 1883ರ ಏಪ್ರಿಲ್ 30ಕ್ಕೆ ಹೋಗಿಬಿಟ್ಟ. ವಯಸ್ಸು 51.

ಈಗ ಚಿತ್ರವನ್ನ ಇನ್ನೊಂದು ಸಲ ನೋಡಿ. ಹಳದಿ ಗೋಡೆ, ನೀಲಿ ಮಿಶ್ರಿತ ಬೂದು ಬಣ್ಣದ ಕಿಟಕಿ ಬಾಗಿಲು, ಬಿಸಿಲು ನೆರಳು, ಚೆಲ್ಲಿದ ಹಾಗೆ ಕೆಂಪು ಹೂವು. ಎಲ್ಲ ಸರಿ. ಆದ್ರೆ ನಟ್ಟನಡುವೆ ಒಂದು ಮರದ ಕಾಂಡ ಮನೆಯ ಮುಂಬಾಗಿಲಿಗೇ ಅಡ್ಡ ನಿಂತಿದೆ. ಯಾವ ಬಿಲ್ಡರೂ ಮಾರೋಕೆ ಇಟ್ಟಿರೋ ಮನೆ ಫೋಟೋನ ಹೀಗೆ ತೆಗೆಯಲ್ಲ. "ಬಾ, ಒಳಗೆ ಬಾ" ಅನ್ನೋ ಚಿತ್ರ ಇದಲ್ಲ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಹುಲ್ಲು ಕತ್ತರಿಸಿದೋರು ಯಾರು, ಹೂವಿಗೆ ನೀರು ಹಾಕಿದೋರು ಯಾರು, ಕಾಣಲ್ಲ. ಬಾಡಿಗೆಗೆ ಬಂದಿರೋ ಒಬ್ಬ ರೋಗಿ ತನ್ನದಲ್ಲದ ಮನೆಯನ್ನ, ತನಗೇನೂ ಬಾಲ್ಯದ ನೆನಪಿಲ್ಲದ ಮನೆಯನ್ನ, ಆ ಹೊತ್ತಿನ ಬಿಸಿಲಲ್ಲಿ ಹೇಗೆ ಕಾಣ್ತೋ ಹಾಗೆ ಬರೆದಿದ್ದಾನೆ. ನಾನು ಅದನ್ನ ತಗೊಂಡು ಬಂದು ನನ್ನ ಕಣ್ಣೀರಿಗೆ ವಾಲ್‌ಪೇಪರ್ ಮಾಡಿಬಿಟ್ಟೆ!

ನನ್ನ ಮೊದಲನೇ ತಕರಾರು ಇಲ್ಲೇ. ಇಂಪ್ರೆಷನಿಸ್ಟ್ ಚಿತ್ರ ಅಂದ್ರೆ "ಹಳೇ ಸುಂದರ ಲೋಕ" ಅಂತ ನಾವು ಅಂದುಕೊಂಡುಬಿಟ್ಟಿದೀವಿ. ನಮ್ಮ ಕ್ಯಾಲೆಂಡರು, ಬಿಸ್ಕತ್ತಿನ ಡಬ್ಬಿ, ಬ್ಲಾಗಿನ ಹೆಡರು ಎಲ್ಲಾ ಕಡೆ ಅದೇ ಅರ್ಥ. ನಿಜ ಪೂರ್ತಿ ಉಲ್ಟಾ. 1874ರಲ್ಲಿ ಪ್ಯಾರಿಸ್ಸಿನ ಒಂದು ಫೋಟೋ ಸ್ಟುಡಿಯೋದಲ್ಲಿ ಆ ಗುಂಪು ಮೊದಲ ಪ್ರದರ್ಶನ ಮಾಡಿದಾಗ ಜನ ನಕ್ಕಿದ್ದು, ಇವ್ರೇನು ಅರ್ಧಂಬರ್ಧ ಬರೆದಿದ್ದಾರೆ ಅಂತ. (ಮಾನೆ ಅವರ ಪ್ರದರ್ಶನಗಳಲ್ಲಿ ಒಂದರಲ್ಲೂ ಭಾಗವಹಿಸಲಿಲ್ಲ. ಆದ್ರೂ ಅವರಿಗೆಲ್ಲ ಅವನು ಅಣ್ಣನ ಹಾಗೆ.) ಅವರು ಬರೆದಿದ್ದು ಪುರಾಣ ಅಲ್ಲ, ರಾಜರ ಯುದ್ಧ ಅಲ್ಲ. ಆವತ್ತಿನ ದಿನ. 1877ರಲ್ಲಿ ಮೋನೆ ಸೇಂಟ್ ಲಜಾರ್ ರೈಲ್ವೆ ಸ್ಟೇಷನ್ನಿನ ಹೊಗೆಯನ್ನ ಸಾಲುಸಾಲಾಗಿ ಬರೆದ. 1873ರಲ್ಲಿ ಪಿಸಾರೊ ಪೊಂತ್ವಾಸ್ ಹತ್ತಿರದ ಫ್ಯಾಕ್ಟರಿ ಚಿಮಣಿ ಬರೆದ. ಅದೇ ಸುಮಾರಿಗೆ ನಮ್ಮ ಮಾನೆ ಕಬ್ಬಿಣದ ಕಂಬಿಯ ಹಿಂದೆ ರೈಲಿನ ಹಬೆ ತುಂಬಿಕೊಂಡಿರೋ ಚಿತ್ರ ಬರೆದು ಅದಕ್ಕೆ "ರೈಲ್ವೆ" ಅಂತಲೇ ಹೆಸರಿಟ್ಟ. ಬಯಲಲ್ಲಿ ನಿಂತು ಬಣ್ಣ ಹಚ್ಚೋಕೆ ಆಗಿದ್ದೇ 1841ರಲ್ಲಿ ಒಬ್ಬ ಅಮೆರಿಕನ್ ಚಿತ್ರಕಾರ ತವರದ ಪೇಂಟ್ ಟ್ಯೂಬ್ ಕಂಡುಹಿಡಿದಿದ್ದರಿಂದ. ಅಂದ್ರೆ ಇವರು ಆ ಕಾಲದ ಟೆಕ್ಕಿಗಳು ಮಾರಾಯ್ರೇ.

ಪ್ಯಾರಿಸ್ ಸುತ್ತ ಆ "ಹಳ್ಳಿ ಮನೆ"ಗಳು ಬಂದಿದ್ದಾದರೂ ಹೇಗೆ? ರೈಲು ಬಂದಿದ್ದರಿಂದ. ಪೇಟೆಯೋನು ಟಿಕೆಟ್ ತಗೊಂಡು ಅರ್ಧ ಗಂಟೆಯಲ್ಲಿ ಹೊಳೆ ದಂಡೆಗೆ ಹೋಗಿ ಭಾನುವಾರ ಕಳೆದು ಬರೋ ಹಾಗಾಯ್ತು. ಬೇಸಿಗೆ ಬಾಡಿಗೆ ಶುರುವಾಯ್ತು. ಕಂಟ್ರಿ ಹೌಸ್ ಅನ್ನೋದು ಹಳ್ಳಿಯೋರ ಮನೆ ಅಲ್ಲವೇ ಅಲ್ಲ. ಅದು ಪೇಟೆಯೋನ ರಜೆ.

ನಮ್ಮಲ್ಲಿ ಏನಾಯ್ತು ನೋಡಿ. 2020ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. 79ಎ, 79ಬಿ ಕಲಮುಗಳು ಹೋದವು. ಬೇಸಾಯ ಮಾಡದೋರೂ, ಎಷ್ಟೇ ಸಂಬಳ ಇರೋರೂ ಜಮೀನು ಕೊಳ್ಳಬಹುದು ಅಂತಾಯ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅವರಿಗೆ ರೈಲು, ನಮಗೆ ಹೈವೇ. ಟಿ. ನರಸೀಪುರದ ಹತ್ತಿರ ನನ್ನ ಸೋದರಮಾವನ ಊರಿದೆ. ಅವರ ಹೊಲದ ಪಕ್ಕ ರಾಗಿ, ಹುರುಳಿ, ಅವರೆ ಬೆಳೀತಿದ್ದ ಒಣಹೊಲಕ್ಕೆ ಈಗ ಕಲ್ಲು ನೆಟ್ಟು ತಂತಿ ಬಿಗಿದು, ದೊಡ್ಡ ಗೇಟು ಇಟ್ಟು, ಗೇಟಿಗೊಂದು ಇಂಗ್ಲಿಷ್ ಹೆಸರು ಬರೆದಿದ್ದಾರೆ. ಹೊಲದ ಒಡೆಯ ಮಾರಿದ್ದು ತಪ್ಪು ಅಂತ ನಾನು ಹೇಳಲ್ಲ. ಮಗಳ ಮದುವೆ ಸಾಲ ಇತ್ತು, ಮಾರಿದ. ಅವನೇ ಈಗ ಅಲ್ಲಿ ದಿನಗೂಲಿಗೆ ಹುಲ್ಲು ಕತ್ತರಿಸ್ತಾನೆ ಅಂತ ಮಾವ ಹೇಳಿದ್ರು. ಬ್ರೋಷರ್‌ನಲ್ಲಿದ್ದ "ಕಂಪನಿಯದ್ದೇ ಆಳು" ಅಂದ್ರೆ ಇಂಥೋನೇ ಒಬ್ಬ.

ನನ್ನ ಗೆಳೆಯ ಕಳಿಸಿದ ಬ್ರೋಷರ್ ನಾನು ಡಿಲೀಟ್ ಮಾಡ್ಲಿಲ್ಲ ಅನ್ನೋದನ್ನೂ ಒಪ್ಕೋತೀನಿ. ರೇಟ್ ಎಷ್ಟು ಅಂತ ಕೇಳಿದ್ದೆ. ಅಂದ್ರೆ ಒಂದು ಕೈಯಲ್ಲಿ "ನಮ್ಮ ಹಳೇ ಮನೆ ಮಾರಬೇಡಿ" ಅಂತ ಪೋಸ್ಟು, ಇನ್ನೊಂದು ಕೈಯಲ್ಲಿ ಬೇರೆಯವರ ಹೊಲಕ್ಕೆ ರೇಟು ವಿಚಾರಣೆ. ನಮ್ಮದು ಮಾರಬಾರದು, ಪಕ್ಕದೋರದ್ದು ಮಾರಬೇಕು. ಇದಕ್ಕೆ ನಾವಿಟ್ಟಿರೋ ಚೆಂದದ ಹೆಸರು "ಬೇರುಗಳ ಹುಡುಕಾಟ".

ಆ ಕೊಳದ ಮೋನೆ ಕಥೆಯನ್ನೂ ಒಂದು ಚೂರು ಹೇಳ್ತೀನಿ, ಯಾಕಂದ್ರೆ ನಮ್ಮ ಬ್ಲಾಗುಗಳಲ್ಲಿ ಅವನ ನೈದಿಲೆ ಚಿತ್ರ ಇಲ್ಲದ ವಾರ ಇಲ್ಲ. ಅವನು 1883ರಲ್ಲಿ ಜಿವೆರ್ನಿ ಅನ್ನೋ ಹಳ್ಳಿಗೆ ಬಂದ, 1890ರಲ್ಲಿ ಮನೆ ಕೊಂಡ. 1893ರಲ್ಲಿ ಪಕ್ಕದ ಜಾಗ ತಗೊಂಡು ಅಲ್ಲಿ ಹರೀತಿದ್ದ ತೊರೆಯಿಂದ ನೀರು ತಿರುಗಿಸಿ ಕೊಳ ಮಾಡ್ತೀನಿ ಅಂದಾಗ ಊರಿನ ಜನ ಅಡ್ಡ ಬಂದ್ರು. ನಾವು ಬಟ್ಟೆ ಒಗೆಯೋ ನೀರು, ದನ ಕುಡಿಯೋ ನೀರು, ನಿನ್ನ ಪರದೇಶಿ ಗಿಡಗಳಿಂದ ವಿಷ ಆದ್ರೆ ಏನು ಗತಿ ಅಂತ. ಮೋನೆ ಮೇಲಧಿಕಾರಿಗೆ ಪತ್ರ ಬರೆದು ಪರ್ಮಿಷನ್ ತಂದ. ಆಮೇಲೆ ಆಳುಗಳನ್ನ ಇಟ್ಟು ತೋಟ ಮಾಡಿಸಿದ. ಚಿತ್ರಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾವ ತೋಟದ ಹಿಂದೆಯೂ ನೀರಿನ ಜಗಳ ಒಂದು, ಗುದ್ದಲಿ ಹಿಡಿದ ಕೈ ಒಂದು ಇದ್ದೇ ಇರುತ್ತೆ. ಕಾಲುವೆ ಕೊನೆಯಲ್ಲಿ ಗದ್ದೆ ಇರೋ ನಮ್ಮ ತಿ. ನರಸೀಪುರದೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಸರಿ, ಅತ್ತೆ ಫೋನ್ ಆದ ಮುಂದಿನ ಶನಿವಾರ ಊರಿಗೆ ಹೋದೆ. ಮೈಸೂರಿನಿಂದ ಚಾಮರಾಜನಗರದ ಟ್ರೈನು. ನಂಜನಗೂಡು ಹತ್ತಿರ ಬಂದಾಗ ಕಪಿಲೆ ಮೇಲಿನ ಹಳೇ ಸೇತುವೆ ನೆನಪಾಯ್ತು. ದಳವಾಯಿ ದೇವರಾಜನ ಕಾಲದ್ದು, 1735ರದ್ದು ಅಂತಾರೆ. ರೈಲೂ ಬಸ್ಸೂ ಒಂದೇ ಸೇತುವೆ ಮೇಲೆ ಹೋಗ್ತಿದ್ದ ಕಾಲ ನಾನು ಚಿಕ್ಕೋನಿದ್ದಾಗಿನ್ನೂ ಇತ್ತು. ಇಂಪ್ರೆಷನಿಸ್ಟ್ ಒಬ್ಬ ಇಲ್ಲಿಗೆ ಬಂದಿದ್ರೆ ಮೊದಲು ಬರೀತಿದ್ದಿದ್ದು ಆ ಸೇತುವೆಯನ್ನ, ಆಮೇಲೆ ಕೈಗಾರಿಕಾ ಪ್ರದೇಶದ ಹೊಗೆ, ಶಿಫ್ಟ್ ಬಿಟ್ಟ ಹೊತ್ತಿನ ಹೆಣ್ಣುಮಕ್ಕಳ ಗುಂಪು. ತೊಟ್ಟಿಮನೆಗೆ ಕೊನೇ ನಂಬರು.

ಮನೆಗೆ ಹೋದವನೇ ನೆಟ್ಟಗೆ ಹಿತ್ತಲಿಗೆ ಹೋದೆ. ಅಲ್ಲಿ ಏನಿದೆ ಅಂತ ಇದ್ದದ್ದು ಇದ್ದ ಹಾಗೆ ಬರೀತೀನಿ:

ಸಂಪಿಗೆ ಇದ್ದ ಕಡೆ ಒಂದು ಮೊಟಕು ಬುಡ. ಅದರ ಮೇಲೆ ಕೂತು ಅತ್ತೆ ಸೊಪ್ಪು ಸೋಸ್ತಾರೆ.

ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದೆ. ರಾಟೆ ಹಾಗೇ ನೇತಾಡ್ತಿದೆ, ಹಗ್ಗ ಇಲ್ಲ. ಪಕ್ಕದಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು.

ಅಜ್ಜಿ ಇಟ್ಟಿದ್ದ ರಸಬಾಳೆ ಬುಡ ಇಲ್ಲ. ಸೊರಗು ರೋಗ ಬಂದು ಹೋಯ್ತಂತೆ. ನಂಜನಗೂಡು ರಸಬಾಳೆಗೆ ಜಿಐ ಪಟ್ಟ ಇದೆ, ಪೇಪರಲ್ಲಿ ಹೆಮ್ಮೆಯಿಂದ ಬರೀತೀವಿ. ಪನಾಮ ಸೊರಗು ಮಣ್ಣಲ್ಲಿ ಕೂತಿದ್ರೆ ಪಟ್ಟ ಏನು ಮಾಡುತ್ತೆ? ಅಲ್ಲಿ ಈಗ ಪಚ್ಚಬಾಳೆ ಇದೆ. ಅದರ ಗೊನೆ ಮೇಲೆ ಮಂಗಗಳ ಕಣ್ಣಿದೆ.

ನುಗ್ಗೆ, ಕರಿಬೇವು, ಎರಡು ದಾಸವಾಳ. ಗೋಡೆ ಮೇಲೆ ಮಂಡಿಯೆತ್ತರಕ್ಕೆ ಒಂದು ಕೆಸರಿನ ಗೆರೆ. 2019ರ ಆಗಸ್ಟ್‌ನಲ್ಲಿ ಕಬಿನಿ ಡ್ಯಾಮಿಂದ ನೀರು ಬಿಟ್ಟಾಗ ಬಂದದ್ದು. ಆವಾಗ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಬಂದ್ ಆಗಿತ್ತು, ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತ್ತು. ಆ ವಿಡಿಯೋನ ನಾನು ಬೆಂಗಳೂರಲ್ಲಿ ಕೂತು "ನಮ್ಮೂರು" ಅಂತ ಶೇರ್ ಮಾಡಿದ್ದೆ. ಹಿತ್ತಲ ಕೆಸರನ್ನ ಅತ್ತೆ ಒಬ್ಬರೇ ಮೂರು ದಿನ ಬಾಚಿ ಹಾಕಿದ್ರಂತೆ.

ಮತ್ತೆ ಕಕ್ಕಸು. ಅದು ಹಿತ್ತಲಿನ ಆ ತುದಿಗೆ. ಮನೆ ಬಾಗಿಲಿಂದ ಎಣಿಸಿದೆ, ನನ್ನ ಹೆಜ್ಜೆಯಲ್ಲಿ ಮೂವತ್ತೆರಡು. ಅತ್ತೆಗೆ ಅರವತ್ತೆಂಟು ವರ್ಷ, ಎರಡೂ ಮಂಡಿ ಸವೆದಿದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡ್ಕೊಂಡು ಆ ಮೂವತ್ತೆರಡು ಹೆಜ್ಜೆ. "ಕತ್ತಲಾದ ಮೇಲೆ ನೀರೇ ಕುಡಿಯಲ್ಲ ಮಗಾ" ಅಂದ್ರು, ಏನೋ ಮಾಮೂಲಿ ವಿಷಯ ಅನ್ನೋ ಹಾಗೆ.

ಆಮೇಲೆ ಜಗಲಿ ಮೇಲೆ ಕೂತಾಗ ಕೇಳಿದೆ, "ಅತ್ತೆ, ಮನೆ ಮಾರೋದು ನಿಮಗೆ ಇಷ್ಟಾನಾ?"

"ಇದನ್ನ ನನ್ನ ಕೇಳಿದೋನು ನೀನೇ ಮೊದ್ಲು" ಅಂದ್ರು. "ಮಾರೋಣ ಅಂದಿದ್ದೇ ನಾನು ಕಣ. ಎಕ್ಸ್‌ಟೆನ್ಷನ್ ಕಡೆ ಮಗಳ ಮನೆ ಹತ್ರ ಎರಡು ರೂಮಿನ ಮನೆ ಸಿಕ್ತದೆ. ಒಳಗೇ ಬಾತ್‌ರೂಮು. ಎರಡು ವರ್ಷ ಆಯ್ತು. ನೀವೆಲ್ಲ ಮಕ್ಳು ಬ್ಯಾಡ ಬ್ಯಾಡ, ಅಜ್ಜಿ ಮನೆ ಅಂತ ಗ್ರೂಪಲ್ಲಿ ಅಳ್ತೀರ. ನಿಮ್ಮಪ್ಪ ನಿಮ್ ಮಾತು ಕೇಳ್ಕೊಂಡು ಸೈನ್ ಹಾಕಕ್ಕೆ ಮುಂದೂಡ್ತಾನೆ. ಸರಿ, ಮಾರಬ್ಯಾಡಿ. ಮೇಸ್ತ್ರಿ ಮಾಡು ರಿಪೇರಿಗೆ ಒಂದೂವರೆ ಲಕ್ಷ ಅಂದ, ತೊಲೆಗೆ ಗೆದ್ದಲು ಹತ್ತದೆ. ಅದನ್ನೂ ಗ್ರೂಪಿಗೆ ಹಾಕ್ಸಿದ್ದೆ. ಯಾರೂ ಏನೂ ಹೇಳ್ಲಿಲ್ಲ."

ಆ ಮೆಸೇಜು ನನಗೂ ಬಂದಿತ್ತು. ಕೈ ಮುಗಿಯೋ ಚಿಹ್ನೆ ಒಂದು ಹಾಕಿ ಸುಮ್ಮನಾಗಿದ್ದೆ.

ಅಂದ್ರೆ ಏನಾಯ್ತು? ನನ್ನ "ಹಿತ್ತಲ ಸಂಪಿಗೆ" ಪೋಸ್ಟು ಮುಗ್ಧ ನೆನಪು ಅಲ್ಲ. ಅದು ಒಬ್ಬ ಹೆಂಗಸಿನ ವಿರುದ್ಧ ಹಾಕಿದ ಒಂದು ಓಟು. ನೀವು ಮಾಡಿದ "ಮಾರಬೇಡಿ ಪ್ಲೀಸ್" ಕಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದು ನನ್ನ ಕಸಿನ್ ಒಬ್ಬ ಮನೆ ಗ್ರೂಪಿಗೆ ಹಾಕಿದ್ದ, "ನೋಡಿ, ಹೊರಗಿನೋರಿಗೇ ಎಷ್ಟು ಪ್ರೀತಿ ಇದೆ" ಅಂತ! ನಮಗೆ ಬೇಕಾಗಿರೋದು ವರ್ಷಕ್ಕೊಂದು ಸಲ ನೋಡೋಕೆ ಒಂದು ಚಿತ್ರ. ಆ ಚಿತ್ರದ ಒಳಗೆ ಕಸ ಗುಡಿಸಿಕೊಂಡು, ಕತ್ತಲಾದ ಮೇಲೆ ನೀರು ಕುಡಿಯದೆ ಇರೋಕೆ ಒಬ್ಬರು ಬೇಕು. ಅವರು ಚಿತ್ರದಲ್ಲಿ ಕಾಣಬಾರದು ಅಷ್ಟೇ.

ಈಗ ನೀವು ಕೇಳೋದು ನನಗೆ ಗೊತ್ತು. "ಹಾಗಾದ್ರೆ ನೆನಪು ಮಾಡ್ಕೊಳ್ಳೋದೇ ತಪ್ಪಾ? ಹಳೇ ಮನೆಗಳನ್ನೆಲ್ಲ ಕೆಡವಿ ಲಾಡ್ಜ್ ಕಟ್ಟಬೇಕಾ?" ನ್ಯಾಯವಾದ ಪ್ರಶ್ನೆಯೇ. ಊರು ಬಿಟ್ಟೋನಿಗೆ ನೆನಪು ಬಿಟ್ರೆ ಇನ್ನೇನಿದೆ, ಒಪ್ಪಿದೆ. ಹಳೇ ಮನೆ ಉಳೀಬೇಕು ಅನ್ನೋರು ಉಳಿಸ್ಕೊಳ್ಳಲಿ, ಅದೂ ಒಪ್ಪಿದೆ. ಆದ್ರೆ ಉಳಿಸೋದು ಅಂದ್ರೆ ಹೆಂಚು ತರಿಸೋದು, ತೊಲೆ ಬದಲಾಯಿಸೋದು, ಮನೆ ಒಳಗೆ ಕಕ್ಕಸು ಕಟ್ಟಿಸೋದು, ಗುಡಿಸೋಕೆ ಬರೋ ಹೆಂಗಸಿಗೆ ತಿಂಗಳಾ ತಿಂಗಳಾ ಸಂಬಳ ಕೊಡೋದು. ಇದ್ಯಾವುದೂ ನನ್ನ ಪೋಸ್ಟಲ್ಲಿರಲಿಲ್ಲ. ನಿಮ್ಮ ಪೋಸ್ಟುಗಳಲ್ಲೂ ನಾನು ಕಂಡಿಲ್ಲ, ಬೇಜಾರು ಮಾಡ್ಕೋಬೇಡಿ. ಹತ್ತು ಅಜ್ಜಿಮನೆ ಪೋಸ್ಟ್ ತೆಗೆದು ನೋಡಿ. ಹಂಡೆ ಇರುತ್ತೆ, ಒಲೆ ಇರುತ್ತೆ, ಸೌದೆ ಒಡೆದು ತಂದೋರು ಇರಲ್ಲ. ಅಜ್ಜಿ ಇರ್ತಾರೆ, ಆದ್ರೆ ಚಕ್ಕುಲಿ ಕೊಡೋಕೆ ಮಾತ್ರ.

"ನಮ್ಮಲ್ಲಿ ಮನೆ, ತೋಟ ಬರೆದೋರೇ ಇಲ್ಲ, ಅದಕ್ಕೇ ಫ್ರೆಂಚ್ ಚಿತ್ರ ಹಾಕ್ತೀವಿ" ಅಂತ ಇನ್ನೊಂದು ಸಬೂಬು ಇದೆ. ಮೈಸೂರು ಕಡೆ ಓದಿದೋರೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಜಗನ್ಮೋಹನ ಅರಮನೆಗೆ ಹೋಗಿರ್ತೀವಿ. ರವಿವರ್ಮನ ಚಿತ್ರಗಳು, ಆಮೇಲೆ ಕತ್ತಲೆ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಂಗಸು. ಅದನ್ನೂ ರವಿವರ್ಮನೇ ಬರೆದ ಅಂತ ಇವತ್ತಿಗೂ ಅರ್ಧ ಜನ ನಂಬಿದ್ದಾರೆ, ಬರೆದದ್ದು ಹಲ್ದಣ್‌ಕರ್. ಅಲ್ಲಿಗೆ ನಮ್ಮ ಚಿತ್ರಕಲೆಯ ಸಿಲಬಸ್ ಮುಗೀತು.

ಆದ್ರೆ ರುಮಾಲೆ ಚನ್ನಬಸವಯ್ಯ ಅಂತ ಒಬ್ಬರಿದ್ರು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದೋರು. ಚಿತ್ರಕಲೆ ಕಲೀತಾ ಇದ್ದೋರು ಅದನ್ನ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲಿಗೆ ಹೋದ್ರು. ತಾಯಿನಾಡು ಪತ್ರಿಕೆ ಸಂಪಾದಕರಾಗಿದ್ರು, ವಿಧಾನ ಪರಿಷತ್ ಸದಸ್ಯರೂ ಆಗಿದ್ರು. ಇಷ್ಟೆಲ್ಲ ಆದ ಮೇಲೆ, ಐವತ್ತು ದಾಟಿದ ಮೇಲೆ, ರಾಜಕೀಯ ಸಾಕು ಅಂತ ಮತ್ತೆ ಬ್ರಷ್ ಹಿಡಿದ್ರು. 1988ರಲ್ಲಿ ತೀರಿಕೊಳ್ಳೋವರೆಗೂ ಬೆಂಗಳೂರಿನ ಹೂಬಿಟ್ಟ ಮರಗಳು, ಕಬ್ಬನ್ ಪಾರ್ಕು, ಬೀದಿಯ ಬಿಸಿಲು ಇವನ್ನ ಆ ಜಾಗದಲ್ಲೇ ಕೂತು ಬರೆದ್ರು. ದಪ್ಪ ದಪ್ಪ ಬಣ್ಣ, ಕಣ್ಣು ಕುಕ್ಕೋ ಹಳದಿ, ಕೆಂಪು, ನೇರಳೆ. ಅವರ ಚಿತ್ರಗಳನ್ನ ರಾಜಾಜಿನಗರದ ಮನೆಯೊಂದರಲ್ಲಿ ಕಾಪಾಡಿಟ್ಟಿದ್ದಾರೆ. ನಾನು ಹನ್ನೊಂದು ವರ್ಷದಿಂದ ಇದೇ ಬೆಂಗಳೂರಲ್ಲಿದೀನಿ. ಅವರ ಹೆಸರು ಕೇಳಿದ್ದು ಹೋದ ವಾರ. ನಾಚಿಕೆಯಾಗಬೇಕು ನನಗೆ.

ಅವರು ಬರೆದ ಎಷ್ಟೋ ರಸ್ತೆಗಳು ಆಮೇಲೆ ಅಗಲವಾದವು, ಎಷ್ಟೋ ಕಡೆ ಮರ ಹೋಗಿ ಮೆಟ್ರೋ ಕಂಬ ಬಂತು. ಈಗ ಆ ಚಿತ್ರ ನೋಡಿ ನಮಗೆ ಹಳೇ ಬೆಂಗಳೂರು ಅಂತ ಅಳು ಬರಬಹುದು. ಆದ್ರೆ ರುಮಾಲೆ ಅಳ್ತಾ ಬರೆದಿಲ್ಲ. ಮರ ಎದುರಿಗಿತ್ತು, ಹೂವು ಬಿಟ್ಟಿತ್ತು, ಹೋಗಿ ಕೂತು ಬರೆದ್ರು. ಮರ ಇರೋವಾಗಲೇ ನೋಡಿದ್ರು. ನಾವು ಮರ ಹೋಗೋವರೆಗೂ ಕಾದು, ಆಮೇಲೆ ಏಳು ವರ್ಷ ಬಿಟ್ಟು ವಾಸನೆ ವರ್ಣಿಸ್ತೀವಿ.

ಹಾಗಾಗಿ ಬ್ಲಾಗಿಗ ಮಿತ್ರರೇ, ನಂದೊಂದು ಅಹವಾಲು. ಮುಂದಿನ ಅಜ್ಜಿಮನೆ ಪೋಸ್ಟು ಬರೆಯೋ ಮುಂ‌ಚೆ ಒಂದ್ಸಲ ಹೋಗಿ. ಜಗಲಿಯಿಂದ ವಾಪಸ್ ಬರಬೇಡಿ, ಹಿತ್ತಲಿಗೆ ಹೋಗಿ. ಅಲ್ಲಿ ಈಗ ಏನಿದೆ ಅದನ್ನ ಬರೀರಿ, ಸಿಂಟೆಕ್ಸ್ ಟ್ಯಾಂಕ್ ಸಮೇತ. ಅಲ್ಲಿ ಯಾರಿದ್ದಾರೆ, ಅವರ ಮಂಡಿ ಹೇಗಿದೆ, ಅವರಿಗೇನು ಬೇಕು ಅಂತ ಕೇಳಿ. "ಮಾರಬೇಡಿ" ಅಂತ ಹೇಳೋದಾದ್ರೆ ಅದರ ಜೊತೆ ಹೆಂಚಿನ ದುಡ್ಡೂ ಕಳಿಸಿ. ಕಳಿಸೋಕೆ ಆಗಲ್ಲ ಅಂದ್ರೆ ಬಾಯಿ ಮುಚ್ಕೊಂಡು ಸೈನ್ ಹಾಕಿ. ಹಾಂ, ಹೆಡರ್‌ಗೆ ಮೋನೆ ಮಾನೆ ಹುಡುಕೋ ಮುಂಚೆ ನಿಮ್ಮ ಫೋನಿನ ಕ್ಯಾಮೆರಾ ಒಂದ್ಸಲ ಉಪಯೋಗಿಸಿ.

ನಾನೇನು ಮಾಡಿದೆ ಅಂತ ಕೇಳ್ತೀರಲ್ಲ? ಅಪ್ಪನ ಹತ್ತಿರ ಕೂತು ಮಾತಾಡಿದೆ. ಗ್ರೂಪಿನಲ್ಲಿ ಬರೆದೆ, "ಅತ್ತೆ ಹೇಳಿದ ಹಾಗೆ ಆಗಲಿ. ಯಾರಿಗಾದ್ರೂ ಬೇಡ ಅಂದ್ರೆ ರಿಪೇರಿ ದುಡ್ಡಲ್ಲಿ ಅವರ ಭಾಗ ಈ ತಿಂಗಳೇ ಹಾಕಲಿ, ನಂದು ನಾನು ಹಾಕ್ತೀನಿ." ನಾಲ್ಕು ದಿನ ಪೂರ್ತಿ ನಿಶ್ಶಬ್ದ. ಐದನೇ ದಿನ ಒಬ್ಬೊಬ್ಬರೇ "ಓಕೆ" ಅಂದ್ರು. ಇಬ್ಬರು ಕಸಿನ್‌ಗಳು ಈಗ ನನ್ನ ಹತ್ರ ಮಾತಾಡ್ತಿಲ್ಲ. ಮುಂದಿನ ತಿಂಗಳು ಸಬ್ ರಿಜಿಸ್ಟ್ರಾರ್ ಆಫೀಸು. ಕೊಳ್ಳೋರು ಬಹುಶಃ ಕೆಡವ್ತಾರೆ. ನನಗೆ ಸಂಕಟ ಆಗಲ್ವಾ? ಆಗುತ್ತೆ, ಹೊಟ್ಟೆ ಕಿವುಚಿದ ಹಾಗೆ ಆಗುತ್ತೆ. ಆದ್ರೆ ಆ ಸಂಕಟ ನಂದು, ಅದರ ಬಾಡಿಗೆನ ಅತ್ತೆ ಯಾಕೆ ಕಟ್ಟಬೇಕು?

ಹಳೇ ಪೋಸ್ಟ್ ಡಿಲೀಟ್ ಮಾಡಿಲ್ಲ. ಮಾನೆ ಚಿತ್ರ ತೆಗೆದು, ಅತ್ತೆ ಆ ಸಂಪಿಗೆ ಬುಡದ ಮೇಲೆ ಕೂತು ಸೊಪ್ಪು ಸೋಸ್ತಿರೋ ಫೋಟೋ ಹಾಕೋಣ ಅಂತಿದ್ದೆ. ಅವರನ್ನ ಕೇಳಿದೆ. "ನಂದೆಲ್ಲ ಹಾಕ್ಬ್ಯಾಡ, ತಲೆ ಬಾಚಿಲ್ಲ" ಅಂದ್ರು. ಹಾಗಾಗಿ ಬರೀ ಬುಡದ ಫೋಟೋ ಹಾಕಿದೀನಿ. ಕೆಳಗೆ ಒಂದು ಸಾಲು ಸೇರಿಸಿದೀನಿ: ಈ ಮರ ಈಗ ಇಲ್ಲ.

ಬೈಯೋರು ಕೆಳಗೆ ಧಾರಾಳವಾಗಿ ಬೈಯಬಹುದು. ಒಂದೇ ಕಂಡೀಷನ್ನು. ಬೈಯೋ ಮುಂಚೆ ನಿಮ್ಮೂರಿಗೆ ಒಂದು ಫೋನ್ ಮಾಡಿ, ಹಿತ್ತಲಲ್ಲಿ ಈಗ ಯಾವ ಮರ ಇದೆ ಅಂತ ಕೇಳ್ಕೊಂಡು ಬನ್ನಿ.